ಹಾಂಗ್‌ಕಾಂಗ್‌ನಲ್ಲಿ ಮೊದಲ ಟೈಫೂನ್: ಹೊಸದಾಗಿ ಬಂದವರ ಸಿದ್ಧತೆ

ಉದ್ಯೋಗಕ್ಕೆಂದು ಹಾಂಗ್‌ಕಾಂಗ್‌ಗೆ ಬಂದು ನೆಲೆಸಿದವರು ಮೊದಲ ಟೈಫೂನ್ ಸಮಯದಲ್ಲಿ ಮಾಡುವ ತಪ್ಪೆಂದರೆ ಆಕಾಶವನ್ನು ನಂಬುವುದು. ಚಂಡಮಾರುತ ಬರುವ ಹಿಂದಿನ ದಿನ ಇಲ್ಲಿ ಎಷ್ಟೋ ಸಲ ಬಿಸಿಲು ಸುಡುತ್ತಿರುತ್ತದೆ, ಎಲೆಯೂ ಅಲುಗುವುದಿಲ್ಲ. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ಗಮನಿಸಬೇಕಾದದ್ದು ಹಾಂಗ್‌ಕಾಂಗ್ ಹವಾಮಾನ ವೀಕ್ಷಣಾಲಯ ಪ್ರಕಟಿಸುವ ಸಂಕೇತ ಸಂಖ್ಯೆಯನ್ನು. ವೀಕ್ಷಣಾಲಯದ ಆ್ಯಪ್ ಅನ್ನು ಮೊಬೈಲ್‌ನಲ್ಲಿ ಇಳಿಸಿಕೊಂಡು, ಎಚ್ಚರಿಕೆಯ ಸಂದೇಶಗಳು ಬರುವಂತೆ ಮೊದಲೇ ಹೊಂದಿಸಿಕೊಳ್ಳಬೇಕು.

ಸಂಕೇತಗಳು ಐದು: 1, 3, 8, 9 ಮತ್ತು 10. ನಡುವಿನ ಸಂಖ್ಯೆಗಳು ಬಿಟ್ಟುಹೋದದ್ದು ಮುದ್ರಣದೋಷವಲ್ಲ. ಹಿಂದೆ ಗಾಳಿಯ ದಿಕ್ಕನ್ನು ಸೂಚಿಸುತ್ತಿದ್ದ 5ರಿಂದ 8ರವರೆಗಿನ ಸಂಕೇತಗಳನ್ನು 1973ರಲ್ಲಿ ಒಂದೇ 8ರೊಳಗೆ ಸೇರಿಸಲಾಯಿತು. ಟೈಫೂನ್ ಸುಮಾರು 800 ಕಿಲೋಮೀಟರ್ ಒಳಗೆ ಬಂದಾಗ 1, ಗಾಳಿ ಗಂಟೆಗೆ 41 ಕಿಲೋಮೀಟರ್ ಮುಟ್ಟುವ ನಿರೀಕ್ಷೆಯಿದ್ದಾಗ 3, 63 ಕಿಲೋಮೀಟರ್ ಮುಟ್ಟುವಾಗ 8. ಗಾಳಿ 118 ಕಿಲೋಮೀಟರ್ ದಾಟುವ ಹೊತ್ತಿಗೆ ಏರುವ 10 ಅಪರೂಪ. 2018ರ ಮಾಂಗ್‌ಖುಟ್ ಮತ್ತು 2023ರ ಸಾವೋಲಾ ಬಂದಾಗ ಅದು ಏರಿತ್ತು.

ದಿನಚರಿ ನಿಜವಾಗಿ ತಲೆಕೆಳಗಾಗುವುದು 3 ಮತ್ತು 8ರ ನಡುವೆ. ಸಂಕೇತ 3 ಏರಿದರೆ ಶಿಶುವಿಹಾರಗಳು ಮುಚ್ಚುತ್ತವೆ. ಚಿಕ್ಕ ಮಗುವಿರುವ ದಂಪತಿಯಲ್ಲಿ ಅಂದು ಮನೆಯಲ್ಲಿರುವವರು ಯಾರು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಸಂಕೇತ 8ಕ್ಕೆ ಸುಮಾರು ಎರಡು ಗಂಟೆ ಮುಂಚೆ ವೀಕ್ಷಣಾಲಯ ವಿಶೇಷ ಪ್ರಕಟಣೆ ಹೊರಡಿಸುತ್ತದೆ; ಅದು ಜನ ಮನೆ ಸೇರಲೆಂದೇ ಕೊಡುವ ಸಮಯ. ಆದರೆ ಆ ಎರಡು ಗಂಟೆಯಲ್ಲಿ ಇಡೀ ನಗರವೇ ಒಟ್ಟಿಗೆ ಮನೆಯತ್ತ ಹೊರಡುವುದರಿಂದ ರೈಲು ನಿಲ್ದಾಣದೊಳಗೆ ಕಾಲಿಡುವುದೂ ಕಷ್ಟವಾಗುತ್ತದೆ. ಲಮ್ಮಾ, ಚುಂಗ್ ಚಾವ್‌ನಂಥ ದ್ವೀಪಗಳಲ್ಲಿ ಮನೆ ಮಾಡಿದವರು ಪ್ರಕಟಣೆಗೆ ಕಾಯದೆ ಹೊರಡುವುದೇ ಸರಿ, ಏಕೆಂದರೆ ಕೊನೆಯ ದೋಣಿ ಹೋದ ಮೇಲೆ ಬೇರೆ ದಾರಿಯಿಲ್ಲ. 8ರ ನಂತರ ಬಸ್ಸುಗಳು ಒಂದೊಂದಾಗಿ ನಿಲ್ಲುತ್ತವೆ. ಮೆಟ್ರೋ ವಿರಳವಾಗಿ ಓಡುತ್ತದೆಯಾದರೂ 9 ಅಥವಾ 10 ಏರಿದರೆ ನೆಲದ ಮೇಲಿನ ಮಾರ್ಗಗಳಲ್ಲಿ ಸೇವೆ ನಿಲ್ಲುತ್ತದೆ.

ಕಚೇರಿಯ ವಿಷಯವನ್ನು ಬಿರುಗಾಳಿಯ ದಿನ ಕೇಳಬಾರದು. ಯಾವ ಸಂಕೇತಕ್ಕೆ ಮನೆಗೆ ಬಿಡುತ್ತಾರೆ, ಸಂಕೇತ ಇಳಿದ ಎಷ್ಟು ಹೊತ್ತಿಗೆ ಹಾಜರಾಗಬೇಕು, ಮನೆಯಿಂದ ಕೆಲಸ ಮಾಡಬೇಕೇ ಎಂಬುದನ್ನು ಕೆಲಸಕ್ಕೆ ಸೇರಿದ ವಾರವೇ ಲಿಖಿತವಾಗಿ ತಿಳಿದುಕೊಳ್ಳಿ. ಇಂಥ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕೆಂದು ಕಾರ್ಮಿಕ ಇಲಾಖೆಯ ಮಾರ್ಗಸೂಚಿಯೇ ಹೇಳುತ್ತದೆ.

ಮನೆಯಲ್ಲಿ ಹೆಚ್ಚು ಗಮನ ಬೇಡುವುದು ಕಿಟಕಿ. ಎತ್ತರದ ಮಹಡಿಗಳಲ್ಲಿ ಗಾಳಿಯ ಒತ್ತಡಕ್ಕೆ ಮುಚ್ಚಿದ ಕಿಟಕಿಯ ಚೌಕಟ್ಟಿನ ಸಂದಿಯಿಂದಲೂ ನೀರು ಒಳನುಗ್ಗುತ್ತದೆ; ಹಳೆಯ ಟವೆಲ್‌ಗಳನ್ನು ಸುತ್ತಿ ಒತ್ತರಿಸಿಡಿ, ಹಾಸಿಗೆಯನ್ನು ದೂರ ಸರಿಸಿ. ಗಾಜಿನ ಮೇಲೆ ಟೇಪ್ ಅಂಟಿಸಿದರೆ ಗಾಜು ಗಟ್ಟಿಯಾಗುವುದಿಲ್ಲ, ಒಡೆದರೆ ಚೂರುಗಳು ಹಾರುವುದು ಕಡಿಮೆಯಾಗುತ್ತದೆ, ಅಷ್ಟೇ. ಬಾಲ್ಕನಿಯ ಹೂಕುಂಡ, ಬಟ್ಟೆ ಒಣಗಿಸುವ ಕೋಲುಗಳನ್ನು ಒಳಗೆ ತನ್ನಿ. ನಲವತ್ತನೇ ಮಹಡಿಯಿಂದ ಬಿದ್ದ ಕುಂಡಕ್ಕೆ ಟೈಫೂನನ್ನು ದೂರಿ ಪ್ರಯೋಜನವಿಲ್ಲ. ವಿದ್ಯುತ್ ಹೋದರೆ ಲಿಫ್ಟಿನ ಜೊತೆಗೆ ನೀರೆತ್ತುವ ಪಂಪುಗಳೂ ನಿಲ್ಲುತ್ತವೆ. ಇಲ್ಲಿನ ಬಹುತೇಕ ಮನೆಗಳಲ್ಲಿ ಶೌಚಾಲಯಕ್ಕೆ ಬರುವುದು ಬೇರೆ ಕೊಳವೆಯ ಸಮುದ್ರದ ನೀರು, ಅದೂ ನಿಲ್ಲಬಹುದು. ಹಾಗಾಗಿ ಕುಡಿಯುವ ನೀರಲ್ಲದೆ ಎರಡು ಬಕೆಟ್ ಹೆಚ್ಚು ನೀರು ತುಂಬಿಡಿ. ಅಂಗಡಿಗಳಲ್ಲಿ ಬ್ರೆಡ್ಡು, ತರಕಾರಿ ಬೇಗ ಖಾಲಿಯಾಗುತ್ತವೆ. ಖರೀದಿಯನ್ನು ಸಂಕೇತ 1 ಇರುವಾಗಲೇ ಮುಗಿಸುವುದು ಒಳ್ಳೆಯದು.

ಗಾಳಿಯ ಆರ್ಭಟದ ನಡುವೆ ಇದ್ದಕ್ಕಿದ್ದಂತೆ ಎಲ್ಲವೂ ಶಾಂತವಾದರೆ ಟೈಫೂನಿನ ಕಣ್ಣು ನಗರದ ಮೇಲೆ ಸಾಗುತ್ತಿರಬಹುದು. ಚಿತ್ರ ತೆಗೆಯಲು ಹೊರಗೆ ಹೋಗಬೇಡಿ. ಸ್ವಲ್ಪ ಹೊತ್ತಿನಲ್ಲಿ ಗಾಳಿ ಎದುರು ದಿಕ್ಕಿನಿಂದ ಅಷ್ಟೇ ಬಿರುಸಾಗಿ ಬೀಸುತ್ತದೆ. ಸಂಕೇತ 3ಕ್ಕೆ ಇಳಿದ ಮೇಲೂ ಬಿದ್ದ ಮರಗಳಿಂದ ರಸ್ತೆಗಳು ಮುಚ್ಚಿರಬಹುದು. ವಿಮಾನ ಹಿಡಿಯಬೇಕಾದವರು ವಿಮಾನಯಾನ ಸಂಸ್ಥೆಯಿಂದ ಹೊಸ ವೇಳೆ ಖಚಿತವಾಗುವ ತನಕ ಮನೆ ಬಿಡಬಾರದು.

ಇನ್ನೊಂದು ಕೆಲಸ ಮರೆಯುವಂಥದು. ಭಾರತಕ್ಕಿಂತ ಹಾಂಗ್‌ಕಾಂಗ್ ಎರಡೂವರೆ ಗಂಟೆ ಮುಂದಿದೆ. ಇಲ್ಲಿ ಬೆಳಗಿನ ಎಂಟಾದಾಗ ಅಲ್ಲಿ ಐದೂವರೆ. ಟಿವಿಯಲ್ಲಿ ಅಲೆಗಳ ದೃಶ್ಯ ನೋಡಿ ಮನೆಯವರು ಗಾಬರಿಯಾಗುವ ಮೊದಲೇ, ಹಿಂದಿನ ರಾತ್ರಿ ಫೋನ್ ಮಾಡಿ, ನೆಟ್‌ವರ್ಕ್ ಹೋದರೆ ಮರುದಿನ ಸಂಜೆಯವರೆಗೆ ಸುದ್ದಿ ಬಾರದಿರಬಹುದೆಂದು ತಿಳಿಸಿಡಿ.