ಫಾರಂ ತರುವ ಮೊದಲು ಕೇಳಿ: ಏಡೆಡ್ಡಾ, ಅನ್‌ಏಡೆಡ್ಡಾ?

ಮೈಸೂರಿನ ಬನ್ನಿಮಂಟಪದ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಹೊಸ ವರ್ಷ ಹುಟ್ಟಿತೆಂದರೆ ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುವ ಕಾನ್ವೆಂಟ್‌ಗಳಲ್ಲಿ ಎಂಟನೇ ಕ್ಲಾಸಿನ ಅಡ್ಮಿಷನ್‌ಗೆ ಓಡಾಡುವವರೇ ಜಾಸ್ತಿ. ಮಂಡ್ಯ, ಪಾಂಡವಪುರದ ಕಡೆಯಿಂದ ಬೆಳಗಿನ ರೈಲು ಹಿಡಿದು ಬರುವವರೂ ಇದ್ದಾರೆ. "ಮಗಳನ್ನ ಕಾನ್ವೆಂಟಿಗೆ ಸೇರಿಸ್ಬೇಕಣ್ಣ, ಸ್ಕಾಲರ್‌ಶಿಪ್ ಏನಾದ್ರೂ ಸಿಗುತ್ತಾ?" ಅಂತ ಕೇಳುತ್ತಾರೆ. "ಏಡೆಡ್ ಸೆಕ್ಷನ್ನಾ, ಅನ್‌ಏಡೆಡ್ಡಾ?" ಅಂತ ನಾನು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ದುಡ್ಡಿನ ಲೆಕ್ಕವೆಲ್ಲ ನಿಂತಿರುವುದು ಅಲ್ಲೇ. ಎಷ್ಟೋ ಕಡೆ ಒಂದೇ ಕಾಂಪೌಂಡಿನೊಳಗೆ ಎರಡೂ ಇರುತ್ತವೆ. ಏಡೆಡ್ ಅಂದರೆ ಅನುದಾನಿತ ವಿಭಾಗದ ಮೇಷ್ಟ್ರುಗಳಿಗೆ ಸರ್ಕಾರ ಸಂಬಳ ಕೊಡುತ್ತದೆ. ಹಾಗಾಗಿ ಫೀಸು ಕಡಿಮೆ, ಪಠ್ಯಪುಸ್ತಕ ಉಚಿತ, ಹತ್ತನೇ ಕ್ಲಾಸಿನವರೆಗೂ ಬಿಸಿಯೂಟ. ಇದು ಸಾಮಾನ್ಯವಾಗಿ ಕನ್ನಡ ಮಾಧ್ಯಮದ್ದು. ಪಕ್ಕದ ಇಂಗ್ಲಿಷ್ ಮಾಧ್ಯಮ ಹೆಚ್ಚಾಗಿ ಅನುದಾನರಹಿತ, ಅಂದರೆ ಅನ್‌ಏಡೆಡ್. ಅಲ್ಲಿ ಮೇಷ್ಟ್ರ ಸಂಬಳವೂ ನೀವು ಕಟ್ಟುವ ಫೀಸಿನಿಂದಲೇ ಬರಬೇಕು.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಎನ್‌ಎಂಎಂಎಸ್ ಅಂತ ಕೇಂದ್ರದ ವಿದ್ಯಾರ್ಥಿವೇತನ ಇದೆ. ಎಂಟನೇ ಕ್ಲಾಸಿನಲ್ಲಿ ಪರೀಕ್ಷೆ ಬರೆಯಬೇಕು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರಿರಬಾರದು. ಆದರೆ ಇದು ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಓದಿನಲ್ಲಿ ಚುರುಕಾದ ಮಗುವನ್ನು ಎಂಟಕ್ಕೆ ಅನ್‌ಏಡೆಡ್‌ಗೆ ಸೇರಿಸಿದರೆ ಈ ಬಾಗಿಲು ಮುಚ್ಚಿತು. ಸಾಲ ಮಾಡಿ ಇಂಗ್ಲಿಷ್ ಮೀಡಿಯಂಗೆ ಸೇರಿಸುವುದಕ್ಕಿಂತ ಅದೇ ಸಿಸ್ಟರ್‌ಗಳ ಏಡೆಡ್ ಸೆಕ್ಷನ್ ಎಷ್ಟೋ ಮೇಲು ಅನ್ನುವವನು ನಾನು. ಒಪ್ಪದವರು ಬೇಕಾದಷ್ಟು ಜನ ಇದ್ದಾರೆ, ಬಿಡಿ.

ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಸೀಟು ಕೇಳಿಕೊಂಡು ಬರುವವರಿಗೂ ಒಂದು ಮಾತು. ಕಾನ್ವೆಂಟ್‌ನಂಥ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಸುಮ್ನೆ ಅದರ ಹಿಂದೆ ಅಲೆಯಬೇಡಿ.

ಈಗ ಕಾಗದ ಪತ್ರ. ಹಿಂದಿನ ಶಾಲೆಯ ಟಿಸಿ, ಅಂಕಪಟ್ಟಿ, ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗಿರುವ ನಂಬರ್), ಮಗುವಿನ ಮತ್ತು ತಂದೆ ತಾಯಿಯ ಆಧಾರ್, ಫೋಟೊ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಆದಾಯ ಪತ್ರಕ್ಕೆ ಐದು ವರ್ಷ ಆಯಸ್ಸು. ಹಳೆಯದಿದ್ದರೆ ತಾರೀಖು ನೋಡಿಕೊಳ್ಳಿ. ಅದರ ಮೇಲಿರುವ ಆರ್‌ಡಿ ನಂಬರೇ ಮುಂದೆ ಎಲ್ಲ ಅರ್ಜಿಗೂ ಬೇಕಾಗುವುದು.

ಕಾಗದ ಎಲ್ಲ ಇದ್ದೂ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಸರಲ್ಲಿ. ಆಧಾರ್‌ನಲ್ಲಿ 'ಕಾವ್ಯ ಎಂ', ಸ್ಯಾಟ್ಸ್‌ನಲ್ಲಿ 'ಎಂ ಕಾವ್ಯಾ', ಬ್ಯಾಂಕಿನಲ್ಲಿ 'ಕಾವ್ಯ ಮಹದೇವ'. ನಮಗೆ ಮೂರೂ ಒಬ್ಬಳೇ ಹುಡುಗಿ, ಕಂಪ್ಯೂಟರಿಗೆ ಮೂರು ಜನ. ತಿದ್ದಿಸುವುದಾದರೆ ಟಿಸಿ ತೆಗೆದುಕೊಳ್ಳುವ ಮೊದಲೇ ಹಳೆಯ ಶಾಲೆಯಲ್ಲಿ ತಿದ್ದಿಸಿ. ಹೊಸ ಶಾಲೆಗೆ ಹೋದ ಮೇಲೆ ಅವರು ಇವರ ಮೇಲೆ, ಇವರು ಅವರ ಮೇಲೆ ಹೇಳುತ್ತಾರೆ. ಮಧ್ಯೆ ಓಡಾಡುವವರು ನೀವು.

ಫೀಸು ರಿಯಾಯಿತಿ ಬೇಕಿದ್ದರೆ ಅಡ್ಮಿಷನ್ ಫಾರಂ ಜೊತೆಗೇ ಪತ್ರ ಕೊಡಿ. ಜೂನ್‌ನಲ್ಲಿ ಕ್ಲಾಸು ಶುರುವಾದ ಮೇಲೆ ಕೇಳಿದರೆ ಆ ವರ್ಷದ ಲೆಕ್ಕ ಮುಗಿದಿರುತ್ತದೆ. "ನಾವು ಕಡುಬಡವರು, ದಯಮಾಡಿ ಕರುಣೆ ತೋರಿ" ಅಂತ ಎರಡು ಪುಟ ಬರೆಸಿಕೊಂಡು ಬರುತ್ತಾರೆ. ಅದು ಬೇಡ. ನಾನು ಬರೆದುಕೊಡುವುದು ಹೀಗಿರುತ್ತದೆ:

"ನಾನು ಬಾಡಿಗೆ ಆಟೋ ಓಡಿಸುತ್ತೇನೆ. ಖರ್ಚು ಕಳೆದು ತಿಂಗಳಿಗೆ 14,000 ರೂಪಾಯಿ ಉಳಿಯುತ್ತದೆ. ಮನೆ ಬಾಡಿಗೆ 5,000. ಇಬ್ಬರು ಮಕ್ಕಳು ಓದುತ್ತಿದ್ದಾರೆ. ಶುಲ್ಕದಲ್ಲಿ ಅರ್ಧ ಕಟ್ಟಬಲ್ಲೆ. ಅದನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್‌ನಲ್ಲಿ ಮೂರು ಕಂತಾಗಿ ಕಟ್ಟಲು ಅವಕಾಶ ಕೊಡಬೇಕೆಂದು ಕೋರುತ್ತೇನೆ."

ಅಷ್ಟೇ. ಎಷ್ಟು ಕಟ್ಟುತ್ತೀರಿ, ಯಾವಾಗ ಕಟ್ಟುತ್ತೀರಿ ಎಂದು ಬರೆದ ಪತ್ರವನ್ನು ಮುಖ್ಯೋಪಾಧ್ಯಾಯಿನಿ ಮ್ಯಾನೇಜ್‌ಮೆಂಟ್ ಮುಂದೆ ಇಡುವುದು ಸುಲಭ. ಜೊತೆಗೆ ಆದಾಯ ಪತ್ರ, ರೇಷನ್ ಕಾರ್ಡ್ ನಕಲು ಲಗತ್ತಿಸಿ. ಎಂಎಲ್‌ಎ ಲೆಟರ್ ತರುವವರನ್ನೂ ನೋಡಿದ್ದೇನೆ. ಹಳೆಯ ಶಾಲೆಯ ಹೆಡ್‌ಮಾಸ್ಟರ್ "ಮಗು ಚೆನ್ನಾಗಿ ಓದುತ್ತದೆ, ಮನೆ ಕಷ್ಟ ನನಗೆ ಗೊತ್ತು" ಎಂದು ಬರೆದುಕೊಟ್ಟ ನಾಲ್ಕು ಸಾಲಿಗೆ ಅದಕ್ಕಿಂತ ತೂಕ ಜಾಸ್ತಿ.

ನೀವು ಕ್ಯಾಥೊಲಿಕರಾಗಿದ್ದರೆ ಜ್ಞಾನಸ್ನಾನದ ಪ್ರಮಾಣಪತ್ರ ಮತ್ತು ನಿಮ್ಮ ಚರ್ಚಿನ ಫಾದರ್ ಕೊಡುವ ಪತ್ರ ಇಟ್ಟುಕೊಳ್ಳಿ. ಸಂತ ವಿನ್ಸೆಂಟ್ ದೆ ಪಾಲ್ ಸಭೆ ಇರುವ ಚರ್ಚುಗಳಲ್ಲಿ ಅವರನ್ನೂ ಕೇಳಿ ನೋಡಿ. ಕಷ್ಟದಲ್ಲಿರುವ ಮನೆಗಳನ್ನು ವಿಚಾರಿಸುವುದೇ ಅವರ ಕೆಲಸ. ಮೈಸೂರು ಧರ್ಮಪ್ರಾಂತ್ಯಕ್ಕೆ ಮಂಡ್ಯ, ಚಾಮರಾಜನಗರ, ಕೊಡಗು ಕೂಡ ಸೇರುತ್ತವೆ. ಮಗು ಮೈಸೂರಿನಲ್ಲಿ ಓದುವುದಾದರೂ ಪತ್ರ ಮಂಡ್ಯದ ನಿಮ್ಮ ಫಾದರ್ ಹತ್ತಿರವೇ ತನ್ನಿ, ನಿಮ್ಮ ಮನೆ ಅವರಿಗೆ ತಾನೇ ಗೊತ್ತಿರುವುದು?

ಬೇರೆ ಧರ್ಮದವರು "ಪ್ರಾರ್ಥನೆ ಗೀರ್ಥನೆ ಕಡ್ಡಾಯ ಮಾಡ್ತಾರಾ?" ಎಂದು ದನಿ ತಗ್ಗಿಸಿ ಕೇಳುತ್ತಾರೆ. ಇಲ್ಲ. ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶ, ಉಳಿದವರಿಗೆ ನೀತಿ ಪಾಠ, ಸಾಮಾನ್ಯವಾಗಿ ನಡೆಯುವುದು ಹೀಗೆ. ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪಾಠಕ್ಕೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿಯಲ್ಲೇ ಇದೆ. ನೆಮ್ಮದಿಯಾಗಿ ಫಾರಂ ತನ್ನಿ.

ಸೀಟು ಸಿಕ್ಕಿತು ಅಂತ ಕೂರಬೇಡಿ. ಸರ್ಕಾರದ ಮೆಟ್ರಿಕ್ ಪೂರ್ವ (ಹತ್ತನೇ ಕ್ಲಾಸಿನವರೆಗಿನ) ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಎಂಬ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಅಮ್ಮ ಬೀಡಿ ಕಟ್ಟುತ್ತಿದ್ದು ಕಾರ್ಡ್ ಇದ್ದರೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ, ಅಪ್ಪ ಗಾರೆ ಕೆಲಸದವರಾಗಿದ್ದರೆ ಕಟ್ಟಡ ಕಾರ್ಮಿಕರ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ. ಕಾರ್ಡ್ ನವೀಕರಿಸಿದ್ದೀರಾ ನೋಡಿಕೊಳ್ಳಿ. ಪೆಟ್ಟಿಗೆಯಲ್ಲಿಟ್ಟ ಹಳೇ ಕಾರ್ಡಿಗೆ ಏನೂ ಸಿಗದು.

ಬ್ಯಾಂಕಿಗೆ ಹೋದಾಗ "ಆಧಾರ್ ಲಿಂಕ್ ಆಗಿದೆಯಾ" ಎಂದಷ್ಟೇ ಕೇಳಿದರೆ ಸಾಲದು. "ಎನ್‌ಪಿಸಿಐ ಸೀಡಿಂಗ್ ಆಗಿದೆಯಾ, ಯಾವ ಖಾತೆಗೆ?" ಎಂದು ಕೇಳಿ. ಸರ್ಕಾರದ ದುಡ್ಡು ಬೀಳಲು ಆಧಾರನ್ನು ಒಂದು ಖಾತೆಗೆ ಜೋಡಿಸುವುದೇ ಸೀಡಿಂಗ್. ಕೊನೆಗೆ ಯಾವ ಖಾತೆಗೆ ಸೀಡ್ ಆಗಿದೆಯೋ ದುಡ್ಡು ಹೋಗುವುದು ಅದಕ್ಕೇ. ಬಂದಿಲ್ಲ ಬಂದಿಲ್ಲ ಎಂದು ಶಾಲೆಗೆ ಅಲೆಯುವವರ ದುಡ್ಡು ಎಷ್ಟೋ ಸಲ ಮರೆತುಹೋದ ಇನ್ನೊಂದು ಪಾಸ್‌ಬುಕ್ಕಿನಲ್ಲಿ ಬಿದ್ದಿರುತ್ತದೆ. ಅರ್ಜಿ ಹಾಕಿದ ಮೇಲೆ ಸಿಗುವ ಐಡಿ ನಂಬರನ್ನು ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳದೆ ಆದಾಯ ಪತ್ರದ ಜೆರಾಕ್ಸ್ ಹಿಂದೆಯೂ ಬರೆದಿಡಿ. ಮುಂದಿನ ವರ್ಷ ನವೀಕರಣಕ್ಕೆ ಬರುವಾಗ ಅದೊಂದನ್ನೇ ತಂದರೂ ಅರ್ಧ ಕೆಲಸ ಆದಂತೆ.