ಹೈಲಕ್ಸ್ ಆಸೆ, ಕೊಲ್ಹಾಪುರದ ಗಾಡಿ: ಎಂಎಚ್ ಪಿಕಪ್ಪನ್ನು ನಿಪ್ಪಾಣಿಗೆ ತಂದ ನನ್ನ ಅನುಭವ

ಹೊರದೇಶದ ಡೀಸೆಲ್ ಪಿಕಪ್ ತರಿಸಬಹುದಾ ಅಂತ ಕೇಳೋರು ಈಚೆಗೆ ಜಾಸ್ತಿ ಆಗಿದ್ದಾರೆ. ದುಬೈನಲ್ಲಿ ನೆಂಟರು ಇದ್ದವರಿಗಂತೂ ಈ ಆಸೆ ತಪ್ಪಿದ್ದಲ್ಲ. ನನ್ನ ಭಾವನೂ ಅಲ್ಲಿದ್ದಾರೆ. ಟೊಯೋಟಾ ಕಂಪನಿಯ ಹಳೇ ಹೈಲಕ್ಸ್ ಪಿಕಪ್ಪಿನ ಫೋಟೋ ಕಳಿಸಿ "ಇದನ್ನ ಹಡಗಿಗೆ ಹಾಕಿ ಕಳಿಸ್ಲೇನು?" ಅಂತ ಕೇಳ್ತಾನೇ ಇದ್ದರು. ನನಗೂ ಬೇಕಿತ್ತು. ನಮ್ಮದು ತರಕಾರಿ ಸಸಿಗಳ ನರ್ಸರಿ, ನಿಪ್ಪಾಣಿ ತಾಲ್ಲೂಕಿನಲ್ಲಿ. ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಮಾಮೂಲಿ ಗಾಡಿ ಹೂತುಕೊಂಡರೆ ಟ್ರ್ಯಾಕ್ಟರ್ ಕರೆಸಬೇಕು, ಅಷ್ಟರಲ್ಲಿ ಟ್ರೇಯಲ್ಲಿರೋ ಸಸಿ ಬಾಡುತ್ತೆ. ಹಾಗಾಗಿ ಫೋರ್ ವೀಲ್ ಡ್ರೈವ್ ಇರೋ ಪಿಕಪ್ಪೇ ಬೇಕು ಅಂತ ಹುಡುಕಾಟ ಶುರು ಮಾಡಿದೆ.

ದುಬೈ ದಾರಿ ಮೊದಲ ಪ್ರಶ್ನೆಗೇ ಮುಚ್ಚಿಹೋಯಿತು. ಅಲ್ಲಿನ ಗಾಡಿಗಳ ಸ್ಟೀರಿಂಗ್ ಎಡಗಡೆ. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಆಮದು ಮಾಡಬೇಕಂದ್ರೆ ಸ್ಟೀರಿಂಗ್ ಬಲಗಡೆ ಇರಬೇಕು, ತಯಾರಾಗಿ 3 ವರ್ಷ ದಾಟಿರಬಾರದು, ಇನ್ನೂ 5 ವರ್ಷ ಓಡೋ ಸ್ಥಿತಿಯಲ್ಲಿರಬೇಕು, ಮುಂಬೈ ಬಂದರಿನಿಂದಲೇ ಒಳಗೆ ಬರಬೇಕು. ಹೆಡ್‌ಲೈಟ್ ಕೂಡ ಎಡಗಡೆ ಓಡಿಸೋ ರಸ್ತೆಗೆ ಹೊಂದಬೇಕು. ಇದೆಲ್ಲ ದಾಟಿದ ಮೇಲೆ ಕಸ್ಟಮ್ಸ್ ಸುಂಕ. ಬಲಗಡೆ ಸ್ಟೀರಿಂಗ್ ಇರೋ ಥಾಯ್ಲೆಂಡ್, ಆಸ್ಟ್ರೇಲಿಯಾದಿಂದ ತರಿಸೋಣ ಅಂದ್ರೂ, 3 ವರ್ಷದೊಳಗಿನ ಗಾಡಿ ಅಲ್ಲೂ ಅಗ್ಗಕ್ಕೆ ಸಿಗಲ್ಲ. ವಿದೇಶಿ ಪ್ರವಾಸಿಗರ ಗಾಡಿ ಇಲ್ಲಿ ಓಡಾಡೋದನ್ನು ನೋಡಿರ್ತೀರಿ. ಅದು ಕಾರ್ನೆ ಅನ್ನೋ ಕಾಗದದ ಮೇಲೆ ಬಂದಿರುತ್ತೆ, ವಾಪಸ್ ಹೋಗಲೇಬೇಕು.

ಮಜಾ ಅಂದ್ರೆ ಅಮೆರಿಕದಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ 25 ವರ್ಷ ದಾಟಿದ ಗಾಡಿಗೆ ಅವರ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ. ಅದಕ್ಕೇ ಅಲ್ಲಿನವರು ಬೇರೆ ದೇಶದ ಹಳೇ ಡೀಸೆಲ್ ಹೈಲಕ್ಸ್ ಹುಡುಕಿ ತರಿಸ್ತಾರೆ. ಕೆನಡಾದಲ್ಲಿ 15 ವರ್ಷ ಸಾಕು. ಅವರ ಕಥೆ ಕೇಳಿ ನಾವೂ ಮಾಡೋಣ ಅಂತ ಹೊರಟರೆ ಆಗೋ ಕೆಲಸ ಅಲ್ಲ.

ಹೈಲಕ್ಸ್ 2022ರಲ್ಲಿ ಇಲ್ಲೇ ಮಾರಾಟಕ್ಕೆ ಬಂತು, 2.8 ಲೀಟರ್ ಡೀಸೆಲ್. ಬೆಲೆ ಕೇಳಿ ಸುಮ್ನೆ ಶೋರೂಮಿನಿಂದ ಎದ್ದು ಬಂದೆ. ಉಳಿದಿದ್ದು ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್. ಜಪಾನ್ ಕಂಪನಿ, ಗಾಡಿ ತಯಾರಾಗೋದು ಆಂಧ್ರದ ಶ್ರೀಸಿಟಿಯಲ್ಲಿ, ಮಾರುಕಟ್ಟೆಗೆ ಬಂದಿದ್ದು 2016ರಲ್ಲಿ. ಇದರ ಸೆಕೆಂಡ್ ಹ್ಯಾಂಡ್ ಗಾಡಿ ನಮ್ಮ ಕಡೆ ಕಡಿಮೆ, ಪುಣೆ ಕೊಲ್ಹಾಪುರ ಕಡೆ ಪರವಾಗಿಲ್ಲ. ನಮಗೆ ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಕೊಗನೊಳಿ ದಾಟಿದರೆ ಕಾಗಲ್, ಅಲ್ಲಿಂದ ಸ್ವಲ್ಪ ಮುಂದೆ ಕೊಲ್ಹಾಪುರ. ಆದರೆ ಹೆದ್ದಾರಿ ಮೇಲೆ ಅಷ್ಟು ಸಲೀಸಾಗಿ ದಾಟೋ ಗಡಿ, ಆರ್‌ಸಿ ಮೇಲೆ ದಾಟೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ.

ಅದಕ್ಕೇ ಕೊಲ್ಹಾಪುರದಲ್ಲಿ ಒಂದು ವಿ-ಕ್ರಾಸ್ ಸಿಕ್ಕಾಗ ನಾನು ಬಾನೆಟ್ ಎತ್ತೋದಕ್ಕಿಂತ ಮೊದಲು ಕಾಗದ ಕೇಳಿದೆ. ಮಾರುವವರು ಬೆಲ್ಲದ ವ್ಯಾಪಾರಿ, ಒಳ್ಳೇ ಮನುಷ್ಯ, ಆದರೂ "ದಾದಾ, ಆಧಿ ಕಾಗದ್ ದಾಖವಾ" (ಅಣ್ಣಾ, ಮೊದಲು ಕಾಗದ ತೋರಿಸಿ) ಅಂದಾಗ ಸ್ವಲ್ಪ ಮುಖ ಸಣ್ಣ ಮಾಡಿದರು. ನೋಡಬೇಕಾದ್ದು ಇಷ್ಟು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆಯಾ? ಸಾಲ ತೀರಿದ್ದರೂ ಎಷ್ಟೋ ಜನ ಎಚ್‌ಪಿ, ಅಂದ್ರೆ ಗಾಡಿ ಸಾಲಕ್ಕೆ ಅಡ ಇದೆ ಅನ್ನೋ ನಮೂದು, ತೆಗೆಸಿರಲ್ಲ. ಅದಕ್ಕೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬೇಕು, ಅದು ಆಗದೆ ಎನ್‌ಒಸಿ (ಗಾಡಿ ಬೇರೆ ಕಡೆಗೆ ಹೋಗೋಕೆ ಆರ್‌ಟಿಓ ಕೊಡೋ ನಿರಾಕ್ಷೇಪಣಾ ಪತ್ರ) ಮುಂದೆ ಹೋಗಲ್ಲ. ಎರಡನೇದು, ಇ-ಚಲನ್. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಕ್ಯಾಮೆರಾಗೆ ಸಿಕ್ಕಿಬಿದ್ದ ಗಾಡಿಗಳ ಮೇಲೆ ದಂಡ ಸಾಲಾಗಿ ನಿಂತಿರುತ್ತೆ, ಮಾಲೀಕರಿಗೇ ಗೊತ್ತಿರಲ್ಲ. ಗಾಡಿ ನಂಬರ್ ಹಾಕಿ ಆನ್‌ಲೈನ್‌ನಲ್ಲೇ ನೋಡಬಹುದು. ಮೂರನೇದನ್ನು ಯಾರೂ ಹೇಳಲ್ಲ: ಆರ್‌ಸಿಗೆ ಜೋಡಿಸಿರೋ ಮೊಬೈಲ್ ನಂಬರ್ ಈಗಲೂ ಮಾರುವವರ ಕೈಯಲ್ಲಿ ಇದೆಯಾ? ಸಾರಿಗೆ ಇಲಾಖೆ ಕೆಲಸಗಳ ಪರಿವಾಹನ್ ಪೋರ್ಟಲ್‌ನಲ್ಲಿ ಒಟಿಪಿ ಬರೋದು ಅದಕ್ಕೆ. ಇವರದ್ದು ಹಳೇ ನಂಬರ್, ಸಿಮ್ ಯಾವಾಗಲೋ ಬಂದ್ ಆಗಿತ್ತು. ಮೊದಲು ಅದನ್ನು ಬದಲಿಸಿಕೊಂಡೆವು.

ಗಾಡಿ ಪರೀಕ್ಷೆ ಬಗ್ಗೆ ಜಾಸ್ತಿ ಹೇಳಲ್ಲ, ಒಳ್ಳೇ ಮೆಕ್ಯಾನಿಕ್‌ನ ಜೊತೆಗೆ ಕರ್ಕೊಂಡು ಹೋಗಿ. ಎರಡೇ ವಿಷಯ. ಕೊಂಕಣದಲ್ಲಿ ಓಡಿದ ಗಾಡಿ ಆದ್ರೆ ಕೆಳಗೆ ಮಲಗಿ ಚಾಸಿ ನೋಡಿ, ಉಪ್ಪುಗಾಳಿಗೆ ಡೆಕ್ಕಿನ ಅಡಿಯಲ್ಲಿ ತುಕ್ಕು ಹಿಡಿದಿರುತ್ತೆ, ಮೇಲೆ ಕರಿ ಬಣ್ಣ ಬಳಿದು ಮುಚ್ಚಿರ್ತಾರೆ. ಇನ್ನೊಂದು, ಫೋರ್ ವೀಲ್ ಡ್ರೈವ್ ನಾಬನ್ನು ಸಡಿಲ ಮಣ್ಣಿನ ಮೇಲೆ 4ಎಲ್‌ವರೆಗೂ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆತದ ಗೇರ್) ತಿರುಗಿಸಿ ಓಡಿಸಿ ನೋಡಿ. ಪೇಟೆಯಲ್ಲಿ ಓಡಾಡಿದ ಗಾಡಿಯಲ್ಲಿ ಅದನ್ನು ವರ್ಷಗಟ್ಟಲೆ ಮುಟ್ಟಿರಲ್ಲ. ಡಾಂಬರ್ ರಸ್ತೆ ಮೇಲೆ ಮಾತ್ರ ಈ ಪರೀಕ್ಷೆ ಬೇಡ.

ದುಡ್ಡಿನ ವಿಷಯದಲ್ಲಿ ನನ್ನದು ಒಂದೇ ಹಟ. ಎನ್‌ಒಸಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ. ಒಂದು ಭಾಗ ಇಟ್ಟುಕೊಳ್ಳಿ, ಅದನ್ನು ಬರವಣಿಗೆಯಲ್ಲಿ ಹಾಕಿ. ಗಾಡಿ ಒಪ್ಪಿಸಿಕೊಂಡ ತಾರೀಕು ಮಾತ್ರ ಅಲ್ಲ, ಹೊತ್ತನ್ನೂ ಬರೆಸಿ. ಅದರ ನಂತರ ಆಗೋ ದಂಡ, ಅಪಘಾತ ಎಲ್ಲ ನಿಮ್ಮ ತಲೆ ಮೇಲೆ, ಮೊದಲಿನದ್ದು ಅವರ ಮೇಲೆ. ಇದು ಅವರಿಗೂ ಒಳ್ಳೇದೇ, ಹಾಗಂತ ಹೇಳಿದ ಮೇಲೆ ಬೆಲ್ಲದ ವ್ಯಾಪಾರಿ ತಾವೇ ಪೆನ್ನು ತೆಗೆದರು.

ಎನ್‌ಒಸಿ ಅಂದ್ರೆ ಫಾರ್ಮ್ 28. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು, ಅದನ್ನು ತೆಗೆಯೋದೇ ಒಂದು ಕಲೆ, ಧೂಳು ಒರೆಸಿ ಕಾಗದ ಅಲುಗಾಡದ ಹಾಗೆ ಹಿಡಿದು ಉಜ್ಜಬೇಕು. ಗಾಡಿ ಕಳವಿನದಲ್ಲ ಅನ್ನೋದಕ್ಕೆ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ದಾಖಲೆ ನೋಡಿ ಕೊಡೋ ಪ್ರಿಂಟ್ ಕೂಡ ಇಟ್ಟುಕೊಳ್ಳಿ. ಇಲ್ಲಿ ಮುಖ್ಯವಾದ ಮಾತು: ಎನ್‌ಒಸಿ ಯಾವ ಆರ್‌ಟಿಓಗೆ ಅನ್ನೋದನ್ನು ಅದರಲ್ಲೇ ಬರೀತಾರೆ. ನಿಪ್ಪಾಣಿಯವರಿಗೆ ಅದು ಚಿಕ್ಕೋಡಿ, ಅಂದ್ರೆ ಕೆಎ 23. ಕೊಲ್ಹಾಪುರದ ಏಜೆಂಟ್ ಒಬ್ಬ "ಬೆಳಗಾವಿ ಅಂತ ಹಾಕಿದ್ರೂ ನಡೆಯುತ್ತೆ" ಅಂದ. ನಡೆಯಲ್ಲ. ಬೆಳಗಾವಿ ಕೆಎ 22, ಗೋಕಾಕ್ ಕೆಎ 49, ಬೈಲಹೊಂಗಲ ಕೆಎ 24. ಹಾಗೇ ಜಮಖಂಡಿ ಕೆಎ 48, ಬಾಗಲಕೋಟೆ ಕೆಎ 29, ವಿಜಯಪುರ ಕೆಎ 28. ನಿಮ್ಮ ವಿಳಾಸ ಯಾರ ವ್ಯಾಪ್ತಿಗೆ ಬರುತ್ತೋ ಅದನ್ನೇ ಹಾಕಿಸಿ.

ಈ ಕಡೆ ಬಂದ ಮೇಲೆ ಹೊಸ ನಂಬರಿಗೆ ಫಾರ್ಮ್ 27, ಹೆಸರು ಬದಲಾವಣೆಗೆ 29 ಮತ್ತು 30. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳು ಇಟ್ಟುಕೊಳ್ಳಬಹುದಲ್ವಾ ಅಂತ ಎಲ್ಲರೂ ಕೇಳ್ತಾರೆ. ಆ ಮಾತು ಗಾಡಿಯನ್ನು ಬೇರೆ ರಾಜ್ಯಕ್ಕೆ ತಂದವರು ಹೊಸ ನಂಬರ್ ಪಡೆಯೋ ಗಡುವಿನದ್ದು. ನೀವು ಕೊಂಡಿದ್ದರೆ ಹೆಸರು ಬದಲಾವಣೆಗೆ ಅಷ್ಟು ಸಮಯ ಇಲ್ಲ. ನಿಪ್ಪಾಣಿಯಲ್ಲಿ ಎಲ್ಲಿ ನೋಡಿದ್ರೂ ಎಂಎಚ್ 09 ಕಾಣುತ್ತೆ ಅಂತ ಧೈರ್ಯ ಮಾಡಬೇಡಿ.

ಇನ್ನು ಲೈಫ್ ಟ್ಯಾಕ್ಸ್, ನೋವು ಇರೋದು ಇಲ್ಲೇ. ನಮ್ಮ ರಾಜ್ಯದಲ್ಲಿ ಖಾಸಗಿ ಕಾರುಗಳ ದರ ಬೆಲೆ ಮೇಲೆ ಏರುತ್ತೆ: 5 ಲಕ್ಷದವರೆಗೆ 13 ಪರ್ಸೆಂಟ್, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕಿಂತ ಮೇಲೆ 18, ಜೊತೆಗೆ ಸೆಸ್. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆ ಮಾಡ್ತಾರೆ. ಆದರೆ ಲೆಕ್ಕ ಹಿಡಿಯೋದು ನೀವು ಕೊಟ್ಟ ಬೆಲೆಯಿಂದ ಅಲ್ಲ, ಶೋರೂಮಿನ ಮೊದಲ ಇನ್‌ವಾಯ್ಸ್‌ನಿಂದ. ಅದಕ್ಕೇ ಆ ಹಳೇ ಇನ್‌ವಾಯ್ಸನ್ನು ಮಾರುವವರ ಕಪಾಟಿನಿಂದ ಹುಡುಕಿಸಿ ತಗೊಳ್ಳಿ. ಬೆಲೆ ಚೌಕಾಶಿಗೆ ಕೂರೋ ಮೊದಲೇ ಆರ್‌ಟಿಓದಲ್ಲಿ ಈ ತೆರಿಗೆ ಕೇಳಿಕೊಂಡು ಬನ್ನಿ. ನಾನು ಹಾಗೇ ಮಾಡಿದ್ದರಿಂದ, ತೆರಿಗೆ ಸೇರಿಸಿ ನನಗೆ ಎಷ್ಟು ಬೀಳುತ್ತೆ ಅನ್ನೋದನ್ನು ಅವರ ಮುಂದೆ ಇಟ್ಟೇ ಬೆಲೆ ಇಳಿಸಿದೆ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಪಾಲು ವಾಪಸ್ ಕೇಳೋಕೆ ಅವಕಾಶ ಇದೆ, ಅದು ಯಾರ ಜೇಬಿಗೆ ಅಂತಲೂ ಆಗಲೇ ಮಾತಾಡಿ.

ಇನ್ಸ್‌ಪೆಕ್ಟರ್ ಮುಂದೆ ಗಾಡಿ ನಿಲ್ಲಿಸೋ ಮೊದಲು ಮುಂದಿನ ದಪ್ಪ ಬುಲ್ ಬಾರ್ ಬಿಚ್ಚಿಸಿದೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಅದು ಕಾನೂನಿಗೆ ವಿರುದ್ಧ ಅಂತ ಹೇಳಿ, ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ನಮ್ಮ ಹುಡುಗರಿಗೆ ಬೇಜಾರಾಯಿತು, ಗಾಡಿ ಬೋಳಾಯಿತಂತೆ.

ಇನ್ಶೂರೆನ್ಸ್ ಹೆಸರನ್ನು 14 ದಿನದೊಳಗೆ ಬದಲಿಸೋಕೆ ಅರ್ಜಿ ಕೊಡಬೇಕು. ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ಮಾಲೀಕರದ್ದು, ಅವರು ತಗೊಂಡು ಹೋಗ್ತಾರೆ, ಆ ವ್ಯತ್ಯಾಸ ನೀವು ಕಟ್ಟಬೇಕು. ಕೆಎ ನಂಬರ್ ಬಂದ ಮೇಲೆ ಪಾಲಿಸಿಯಲ್ಲಿ ಅದನ್ನೂ ಸೇರಿಸಿಸಿ.

ಈಗ ಗಾಡಿ ಹೇಗಿದೆ ಅಂತ ಕೇಳ್ತೀರಿ. ಕೆಸರಿನಲ್ಲಿ ಆನೆ. ಆದರೆ ಲೋಡ್ ಹೊಡೆಯೋಕೆ ಅಂತ ತಗೊಳ್ಳೋರಿಗೆ ನಾನು ಬೊಲೆರೋ ಪಿಕಪ್ಪೇ ಹೇಳ್ತೀನಿ. ಇದರಲ್ಲಿ ಐದು ಸೀಟು ಇರೋದರಿಂದ ಕಾಗದದ ಮೇಲೆ ಹೊರಬಹುದಾದ ತೂಕ ಬೊಲೆರೋಗಿಂತ ಎಷ್ಟೋ ಕಡಿಮೆ. ನನಗೆ ಸಸಿ ಟ್ರೇ ಅಷ್ಟೇ, ಹಗುರ. ಬಿಳಿ ಬೋರ್ಡ್, ಅಂದ್ರೆ ಖಾಸಗಿ ಗಾಡಿ ಆದ್ದರಿಂದ ಬಾಡಿಗೆಗೆ ಬೇರೆಯವರ ಮಾಲು ಹೊರೋ ಹಾಗೂ ಇಲ್ಲ. ಖಾಲಿ ಇದ್ದಾಗ ಹಿಂದಿನ ಪಟ್ಟಿ ಸ್ಪ್ರಿಂಗ್ ಕುಣಿಸುತ್ತೆ, ಉದ್ದ ಐದು ಮೀಟರಿಗಿಂತ ಜಾಸ್ತಿ ಇರೋದರಿಂದ ನಿಪ್ಪಾಣಿ ಪೇಟೆಯಲ್ಲಿ ತಿರುಗಿಸೋದು ಕಷ್ಟ.

ಕೊನೆಯದಾಗಿ ಎಚ್‌ಎಸ್‌ಆರ್‌ಪಿ ಅನ್ನೋ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಮತ್ತು ಫಾಸ್ಟ್ಯಾಗ್, ಎರಡೂ ಹೊಸ ನಂಬರಿಗೆ ಹೊಸದಾಗಿ ಮಾಡಿಸಬೇಕು. ಗ್ಲಾಸಿನ ಮೇಲಿರೋ ಹಳೇ ಫಾಸ್ಟ್ಯಾಗ್ ಮಾರುವವರ ಖಾತೆಯದ್ದು. ಗಾಡಿ ಒಪ್ಪಿಸೋ ದಿನವೇ ಅದನ್ನು ಅವರ ಕೈಯಲ್ಲೇ ಬಂದ್ ಮಾಡಿಸಿ, ಇಲ್ಲಾಂದ್ರೆ ನೀವು ಹತ್ತರಗಿ ಟೋಲ್ ದಾಟಿದಾಗೆಲ್ಲ ಕೊಲ್ಹಾಪುರದಿಂದ ಫೋನ್ ಬರುತ್ತೆ.