ನಿಜ್ವಾ ನೋಡಬೇಕೆ? ಗುರುವಾರ ಸಂಜೆಯೇ ಹೊರಡಿ

ಮಸ್ಕತ್‌ನಲ್ಲಿ ಅಣ್ಣನೋ ಭಾವನೋ ಇರುವ ಕರಾವಳಿಯವರು ಬೇಕಾದಷ್ಟು ಜನ ಇದ್ದಾರೆ. ಅವರನ್ನು ನೋಡಲು ಹೋದವರು ಒಮಾನ್‌ನ ಹಳೆಯ ಕೋಟೆ ಊರು ನಿಜ್ವಾಕ್ಕೆ ಒಂದೇ ದಿನದಲ್ಲಿ ಹೋಗಿ ಬರುತ್ತಾರೆ. ದೂರ ಸುಮಾರು 160 ಕಿ.ಮೀ., ಒಳ್ಳೆಯ ಹೆದ್ದಾರಿ, ಹಾಗಾಗಿ ಅದು ಕಷ್ಟವೇನಲ್ಲ. ಆದರೆ ಹಾಗೆ ಹೋದರೆ ಕೋಟೆ ಮಾತ್ರ ಸಿಗುತ್ತದೆ, ಹತ್ತಿರದ ಜಬಲ್ ಅಖ್ದರ್ ಬೆಟ್ಟ ಸಿಗುವುದಿಲ್ಲ. ಕನಿಷ್ಠ ಎರಡು ರಾತ್ರಿ ಇಟ್ಟುಕೊಳ್ಳಿ.

ಮೊದಲು ತಿಂಗಳು ನೋಡಿಕೊಳ್ಳಿ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಊರಲ್ಲಿ ಓಡಾಡಲು ಹಿತ. ಬೆಟ್ಟದ ಗುಲಾಬಿ ನೋಡಬೇಕೆಂದರೆ ಏಪ್ರಿಲ್. ಆಗ ಕೆಳಗೆ ಬಿಸಿಲು ಜೋರು, ಬೆಟ್ಟದ ಮೇಲೆ ಮಾತ್ರ ತಂಪು. ವೀಸಾ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುಂಚೆ ಒಮಾನ್‌ನ ಇ-ವೀಸಾ ತಾಣ ನೋಡಿ.

ಕಾರು ಬಾಡಿಗೆಗೆ ಪಡೆಯುವಾಗ ಫೋರ್ ವೀಲ್ ಡ್ರೈವ್ ಬೇಕೆಂದೇ ಕೇಳಿ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಕಾರಣ ಮುಂದೆ ಹೇಳುತ್ತೇನೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಊರಿಂದಲೇ ಮಾಡಿಸಿಕೊಂಡು ಹೋಗಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ವೃತ್ತಗಳಲ್ಲಿ ಕೈ ತಪ್ಪುವುದು ಸಹಜ, ಮೊದಲ ದಿನ ನಿಧಾನವಾಗಿ ಹೋಗಿ.

ಗುರುವಾರ ರಾತ್ರಿ ನಿಜ್ವಾದಲ್ಲಿ ಮಲಗಿ, ಶುಕ್ರವಾರ ಬೆಳಿಗ್ಗೆ ಏಳಕ್ಕೆಲ್ಲ ಕೋಟೆ ಪಕ್ಕದ ಆಡಿನ ಸಂತೆಯಲ್ಲಿರಿ. ಜನ ಸುತ್ತಲೂ ನಿಲ್ಲುತ್ತಾರೆ. ಮಾರುವವರು ಆಡು, ಕುರಿ, ದನಗಳನ್ನು ಹಗ್ಗ ಹಿಡಿದು ಸುತ್ತು ಹಾಕಿಸುತ್ತಾ ಬೆಲೆ ಕೂಗುತ್ತಾರೆ. ಅವರ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ. ಬಿಸಿಲೇರುವ ಹೊತ್ತಿಗೆ ಸಂತೆ ಕರಗಿಹೋಗುತ್ತದೆ. ಆಮೇಲೆ ಖರ್ಜೂರದ ಅಂಗಡಿಗೆ ನುಗ್ಗಿ. ಖಲಾಸ್, ಫರ್ದ್ ಎಂದು ಬಗೆಬಗೆ ಇದೆ, ರುಚಿ ನೋಡಿಯೇ ಕೊಳ್ಳಬಹುದು. ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ, ಅಷ್ಟರಲ್ಲಿ ಮುಗಿಸಿ.

ಕೋಟೆಯ ದುಂಡು ಬುರುಜನ್ನು 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ. ಫಿರಂಗಿ ಏಟು ತಡೆಯಲಿ ಎಂದು ಅದರ ಕೆಳಭಾಗಕ್ಕೆ ಕಲ್ಲು, ಮಣ್ಣು ತುಂಬಿಸಿದ್ದಾರೆ. ಮೇಲೆ ಹತ್ತುವಾಗ ತಲೆಯೆತ್ತಿ ನೋಡಿ. ಬಾಗಿಲುಗಳ ಮೇಲಿರುವ ಕಿಂಡಿಗಳಿಂದ ಶತ್ರುಗಳ ತಲೆಗೆ ಕುದಿಯುವ ಖರ್ಜೂರದ ಪಾಕ ಸುರಿಯುತ್ತಿದ್ದರಂತೆ. ತಿನ್ನುವುದಕ್ಕೂ ಅದೇ, ಯುದ್ಧಕ್ಕೂ ಅದೇ!

ಇಷ್ಟು ಖರ್ಜೂರಕ್ಕೆ ನೀರೆಲ್ಲಿಂದ? ಅದಕ್ಕೆ ಫಲಜ್ ದಾರಿಸ್ ನೋಡಬೇಕು. ನೆಲದಡಿಯ ನೀರನ್ನು ಪಂಪಿಲ್ಲದೆ, ಬರೀ ಇಳಿಜಾರಿನಿಂದ ತೋಟಕ್ಕೆ ತರುವ ಕಾಲುವೆ ಇದು. ಬೀದರಿನ ನೌಬಾದ್ ಕರೇಜ್ ಎಂಬ ನೆಲದಡಿಯ ಕಾಲುವೆ ನೋಡಿದವರಿಗೆ ಈ ಉಪಾಯ ಹೊಸದಲ್ಲ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಇಂಥ ಕಾಲುವೆಗಳಲ್ಲಿ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಅಳೆಯುತ್ತಿದ್ದರು. 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಒಮಾನ್‌ನ ಐದು ಫಲಜ್‌ಗಳಲ್ಲಿ ಇದೂ ಒಂದು. ಇನ್ನೊಂದು ಫಲಜ್, ಜಬಲ್ ಅಖ್ದರ್ ಬುಡದ ಬಿರ್ಕತ್ ಅಲ್ ಮೌಜ್ ಊರಿನಲ್ಲಿದೆ. ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಬಿಡಬೇಡಿ.

ಆ ಊರು ದಾಟಿದರೆ ಪೊಲೀಸ್ ಚೌಕಿ. ಫೋರ್ ವೀಲ್ ಡ್ರೈವ್ ಅಲ್ಲದ ಕಾರನ್ನು ಅಲ್ಲಿಂದ ಮೇಲೆ ಬಿಡುವುದಿಲ್ಲ. ರಸ್ತೆ ಡಾಂಬರಿನದೇ, ಆದರೆ ಏರು ಕಡಿದು. ಇಳಿಯುವಾಗ ಸುಮ್ನೆ ಬ್ರೇಕ್ ಒತ್ತುತ್ತಲೇ ಬಂದರೆ ಬ್ರೇಕ್ ಕಾದು ಕೈಕೊಡುತ್ತದೆ. ಕೆಳ ಗೇರಿನಲ್ಲೇ ಇಳಿಸಿ.

ಮೇಲೆ ಸುಮಾರು 2000 ಮೀಟರ್ ಎತ್ತರದಲ್ಲಿ ಜಬಲ್ ಅಖ್ದರ್‌ನ ಸೈಕ್ ಪ್ರಸ್ಥಭೂಮಿ. ಚಳಿಗಾಲದ ರಾತ್ರಿಗೆ ಸ್ವೆಟರ್ ಬೇಕೇ ಬೇಕು. ಶುಕ್ರವಾರ ರಾತ್ರಿ ಇಲ್ಲಿಯೇ ಉಳಿದು, ಬೆಳಿಗ್ಗೆ ಅಲ್ ಅಕರ್, ಅಲ್ ಐನ್ ಹಳ್ಳಿಗಳ ಮೆಟ್ಟಿಲು ತೋಟಗಳ ನಡುವೆ ನಡೆಯಿರಿ. ಏಪ್ರಿಲ್ ಆದರೆ ಮಣ್ಣಿನ ಒಲೆ ಮೇಲೆ ಗುಲಾಬಿ ಜಲ ಇಳಿಸುತ್ತಿರುತ್ತಾರೆ. ಅದರಲ್ಲಿ ಸ್ವಲ್ಪ ಹೊಗೆ ವಾಸನೆ ಇರುತ್ತದೆ. ನನಗಂತೂ ಪೇಟೆಯ ಬಾಟಲಿಗಿಂತ ಅದೇ ಇಷ್ಟ. ಇವು ಜನ ಬದುಕುತ್ತಿರುವ ಮನೆಗಳು, ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ, ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ.

ಇನ್ನೊಂದು ದಿನ ಇದ್ದರೆ ಜಬಲ್ ಶಮ್ಸ್ ಬೆಟ್ಟದ ಕಡೆ ಹೋಗಿ, ವಾದಿ ಗುಲ್ ಕಮರಿಯ ಅಂಚಿನ ಕಾಲುದಾರಿಯಲ್ಲಿ ನಡೆಯಬಹುದು. ತಡೆಗೋಡೆ ಇಲ್ಲ. ಚಿಕ್ಕ ಮಕ್ಕಳಿದ್ದರೆ ಅದನ್ನು ಬಿಟ್ಟು ಬಹ್ಲಾ, ಜಬ್ರಿನ್ ಕೋಟೆಗಳಿಗೆ ಹೋಗಿ.